ಕೆಳಗಿನ ಪಾತಿಯ ಸೊಪ್ಪು

ಫೆಬ್ರವರಿ ೪

ಅತ್ತಿಗೆ,

ಗೆದ್ದೆವು! ಕಾಗದ ಬಿಡಿಸಿದ ಕೂಡಲೇ ಈ ಮಾತೇ ಮೊದಲು ಕಣ್ಣಿಗೆ ಬೀಳಲಿ ಎಂದು ಮೇಲೆ ಬರೆದೆ. ಕ್ಷೇಮ ಸಮಾಚಾರ ಆಮೇಲೆ.

ಹೋದ ವರ್ಷ ನಿಮ್ಮ ಹೊಲದಲ್ಲಿ ಸೊಪ್ಪಿಗೆ ಎರಡು ಪಾತಿ ಮಾಡಿಸಿ, ಎರಡಕ್ಕೂ ಕಾಲುವೆ ನೀರಿನಲ್ಲಿ ಅಯೋಡಿನ್ ಹನಿಸಿ, ಕೆಳಗಿನದಕ್ಕೆ ಮಾತ್ರ ಕೊಳೆತ ಎಲೆಗೊಬ್ಬರ ಹಾಕಿಸಿದ್ದೆನಲ್ಲ, ಆ ಮಣ್ಣಿನ ಫಲಿತಾಂಶ ಬಂತು. ಗೊಬ್ಬರವಿಲ್ಲದ ಮೇಲಿನ ಪಾತಿಯಲ್ಲಿ ಕೊಟ್ಟದ್ದರ ಐದನೇ ಒಂದು ಪಾಲೂ ಉಳಿದಿಲ್ಲ. ಕೆಳಗಿನದರಲ್ಲಿ ಮುಕ್ಕಾಲು ಪಾಲು ಹಾಗೇ ಇದೆ! ನಿಮ್ಮ ಕಡೆಯ ಮಣ್ಣು ಬರೀ ಒಣ ಪುಡಿ. ಅದರಲ್ಲಿ ಕೊಳೆತ ಎಲೆಯಿಲ್ಲ, ಬೇರಿಲ್ಲ, ಹುಳವಿಲ್ಲ. ಅಯೋಡಿನ್‌ಗೆ ಅಂಟಿಕೊಳ್ಳಲು ಏನೂ ಸಿಗದೆ ಒಂದಿಷ್ಟು ನೀರಿನ ಜೊತೆ ಪಾತಾಳಕ್ಕೆ ಹೋಗುತ್ತದೆ, ಒಂದಿಷ್ಟು ಗಾಳಿಗೆ. ಕಾಲುವೆಯ ಕೊನೆಯ ಊರುಗಳಲ್ಲಿ ಮೂರು ಮನೆಗೊಬ್ಬರಿಗೆ ಕುತ್ತಿಗೆ ಊದಿಕೊಂಡಿರುವುದು ಇದಕ್ಕೇ ಎಂದು ನಾನು ಬಡಕೊಳ್ಳುತ್ತಿದ್ದೆ. ಇನ್ನು ನಂಬಲೇಬೇಕು.

"ಕಸ ಸುರಿದು ಕಾಯಿಲೆ ವಾಸಿ ಮಾಡ್ತೀಯೇನಮ್ಮಾ?" ಎಂದು ಸಾಹೇಬರು ಇಷ್ಟು ದಿನ ಕಿಚಾಯಿಸುತ್ತಿದ್ದರು. ನಿನ್ನೆ ತಾವಾಗಿ ನನ್ನ ಮೇಜಿನ ಹತ್ತಿರ ಬಂದು, ಕಾಗದ ತಿರುವಿ, ಕನ್ನಡಕ ಒರೆಸಿಕೊಂಡು ಮತ್ತೆ ತಿರುವಿದರು. ಆ ಮುಖ ನೀವು ನೋಡಬೇಕಿತ್ತು.

ಇನ್ನು ಅಳೆಯಲು ಉಳಿದದ್ದು ಎಲೆ. ಎರಡೂ ಪಾತಿಯ ಸೊಪ್ಪನ್ನು ನಾಲ್ಕು ನಾಲ್ಕು ಚೀಲ ಕಳಿಸಿ. ನೆರಳಲ್ಲೇ ಒಣಗಿಸಿ, ಬಿಸಿ ತಾಗಿದರೆ ಅಯೋಡಿನ್ ಹಾರಿಹೋಗುತ್ತದೆ. ಚೀಲದ ಮೇಲೆ ಯಾವ ಪಾತಿಯದೆಂದು ನೀವೇ ಬರೆಯಿರಿ. ಅಣ್ಣ ಬರೆದರೆ ಆ ಅಕ್ಷರ ಪರೀಕ್ಷಿಸಲು ಇನ್ನೊಂದು ಪ್ರಯೋಗಾಲಯ ಬೇಕಾಗುತ್ತದೆ.

ನಿಮ್ಮ ನಾದಿನಿ


ಫೆಬ್ರವರಿ ೨೬

ನಮ್ಮ ಮಣ್ಣಮ್ಮನಿಗೆ,

ನಿನ್ನ ಕಾಗದ ಬಂದ ದಿನ ನಿಮ್ಮಣ್ಣ ತೂಬಿನ ಹತ್ತಿರ ನೀರಿನ ಸರದಿಗೆ ಜಗಳವಾಡಿ ಬಂದು ಮುಖ ಊದಿಸಿಕೊಂಡು ಕೂತಿದ್ದರು. "ನೋಡ್ರೀ, ನಿಮ್ಮ ತಂಗಿ ಗೆದ್ದಳಂತೆ" ಎಂದೆ. "ಅವಳು ಗೆದ್ರೆ ನನ್ನ ಪಾಲಿನ ನೀರು ಬರುತ್ತಾ?" ಎಂದು ಗುರುಗುಟ್ಟಿದರು. ಆಮೇಲೆ ಸದ್ದಿಲ್ಲದೆ ಕಾಗದ ಕಿಸೆಗೆ ಹಾಕಿಕೊಂಡು ಹೋಗಿ ಬೀದಿಯವರಿಗೆಲ್ಲ ಓದಿ ಹೇಳಿ ಬಂದಿದ್ದಾರೆ. ಅವರ ಬುದ್ಧಿ ನಿನಗೆ ಗೊತ್ತೇ ಇದೆ.

ಎಂಟು ಚೀಲ ಕಟ್ಟಿ ನೀರಾವರಿ ಲಾರಿಯಲ್ಲಿ ಟಪಾಲಿನ ಜೊತೆ ಕಳಿಸಿದ್ದೇನೆ. ನೆರಳಲ್ಲಿ ಒಣಗಿಸಿ ಅಂತ ನೀನು ಸುಲಭವಾಗಿ ಬರೆದುಬಿಟ್ಟೆ. ಈ ಊರಲ್ಲಿ ನೆರಳು ಅಂತ ಇರುವುದು ನಮ್ಮ ಮಲಗುವ ಕೋಣೆಯೊಂದೇ ಕಣೇ. ನಾಲ್ಕು ದಿನ ನಿನ್ನ ಸೊಪ್ಪು ಮಂಚದ ಮೇಲೆ, ನಾವಿಬ್ಬರೂ ನೆಲದ ಮೇಲೆ.

ಇನ್ನೊಂದು ವಿಷಯ. ನನಗೆ ಈಗ ಮೂರನೇ ತಿಂಗಳು. ನಿಮ್ಮಣ್ಣನಿಗೂ ಮೊನ್ನೆ ತಾನೇ ಹೇಳಿದೆ. ಎರಡು ಸಲ ಕೈಗೆ ಬಾರದೆ ಹೋದವು, ಈ ಸಲ ಬಾಯಿ ಬಿಡಲೇ ಭಯ. ಈ ಒಂದು ಉಳಿದರೆ ಸಾಕು, ನನಗೆ ಬೇರೇನೂ ಬೇಡ.

ನರ್ಸಮ್ಮ ಬಂದು ಅಯೋಡಿನ್ ಮಾತ್ರೆ ಕೊಟ್ಟಿದ್ದಾಳೆ. "ನೀವು ತಿನ್ನೋ ಗುಡ್ಡದ ಉಪ್ಪಲ್ಲಿ ಏನೂ ಇಲ್ಲ, ಪ್ಯಾಕೆಟ್ ಉಪ್ಪು ನಿಮ್ಮ ಅಂಗಡಿಗೆ ಬರೋದೇ ಅಪರೂಪ, ಇದನ್ನ ತಪ್ಪಿಸಬೇಡ" ಎಂದಳು. ನುಂಗಿದ ಗಳಿಗೆಗೇ ಹೊಟ್ಟೆ ತೊಳಸಿ ಕರುಳೇ ಕಿತ್ತು ಬರುವಷ್ಟು ವಾಂತಿ. ಕಕ್ಕಿ ಕಕ್ಕಿ ಇದೂ ಎಲ್ಲಿ ಹೋಗಿಬಿಡುತ್ತದೋ ಎಂದು ಹೊಟ್ಟೆ ಹಿಡಿದುಕೊಂಡೇ ಕೂರುತ್ತೇನೆ. ನೀನು ಓದಿದವಳು, ಹೇಳು. ನಿನ್ನ ಪಾತಿಯಲ್ಲೇ ಅಷ್ಟೊಂದು ಅಯೋಡಿನ್ ಇರುವಾಗ ನಾನು ಮಾತ್ರೆ ಬಿಡಬಹುದಾ? ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನ ಅತ್ತಿಗೆ


ಮಾರ್ಚ್ ೯

ನನ್ನ ಮುದ್ದು ಅತ್ತಿಗೆ,

ಕಾಗದ ಓದಿ ಪ್ರಯೋಗಾಲಯದಲ್ಲೇ ಕೂಗಿಬಿಟ್ಟೆ. ಪಕ್ಕದ ಮೇಜಿನವಳು ಆಸಿಡ್ ಚೆಲ್ಲಿತೇನೋ ಎಂದು ಬಕೆಟ್ ಹಿಡಿದು ಓಡಿ ಬಂದಳು. ನೀವು ಭಾರ ಎತ್ತಬೇಡಿ. ತೂಬಿನ ಕಡೆ ಹೋಗಲೇಬೇಡಿ. ಅಣ್ಣನಿಗೆ ನನ್ನ ಹೆಸರು ಹೇಳಿ ನೀರು ಹೊರಿಸಿ. ಈ ಸಲ ಉಳಿಯುತ್ತದೆ, ನನ್ನ ಮನಸ್ಸು ಹೇಳುತ್ತಿದೆ.

ಮಾತ್ರೆಯ ವಿಷಯ. ಅಯ್ಯೋ, ಕೆಳಗಿನ ಪಾತಿಯ ಒಡತಿಗೆ ಮಾತ್ರೆ ಯಾಕೆ ಅತ್ತಿಗೆ? ನರ್ಸಮ್ಮನ ಡಬ್ಬಿಯಲ್ಲಿರುವುದಕ್ಕಿಂತ ಹೆಚ್ಚು ಅಯೋಡಿನ್ ನಿಮ್ಮ ಬಾಗಿಲಲ್ಲೇ ಬಿದ್ದಿದೆ! ಎರಡು ಹೊತ್ತೂ ಆ ಸೊಪ್ಪು ತಿಂದು ಹಾಯಾಗಿ ಮಲಗಿ.

ಎಲೆಯ ಚೀಲಗಳು ಬಂದಿವೆ. ಅವನ್ನು ಅಳೆಯುವ ಯಂತ್ರದ ಗಾಜಿನ ಕೊಳವೆ ಒಡೆದಿದೆ, ಹೊಸದು ಬರಬೇಕು. ಅಲ್ಲಿಯವರೆಗೆ ನನ್ನ ತಲೆಯ ಮೇಲಿನ ಹಲಗೆಯಲ್ಲಿಟ್ಟಿದ್ದೇನೆ. ನಿಮ್ಮ ದುಂಡಕ್ಷರ ನೋಡಿಕೊಂಡೇ ಕೆಲಸ ಮಾಡುತ್ತೇನೆ.

ಸೋದರತ್ತೆ ಆಗಲಿರುವ
ನಿಮ್ಮ ನಾದಿನಿ


ಜೂನ್ ೧೮

ಮಣ್ಣಮ್ಮಾ,

ಆರು ತುಂಬಿ ಏಳಕ್ಕೆ ಬಿತ್ತು. ಹಿಂದೆ ಎರಡು ಸಲವೂ ಇಲ್ಲಿಯವರೆಗೆ ಬಂದಿರಲಿಲ್ಲ. ಈಗ ಕನ್ನಡಿಯ ಮುಂದೆ ನಿಂತು ಹೊಟ್ಟೆ ನೋಡಿಕೊಳ್ಳುತ್ತೇನೆ, ನಾಚಿಕೆಯೂ ಇಲ್ಲ ನನಗೆ.

ನೀನು ಹೇಳಿದ ದಿನವೇ ಮಾತ್ರೆಗೆ ಕೈಮುಗಿದೆ. ವಾಂತಿ ನಿಂತಿತು, ಜೀವಕ್ಕೆ ಜೀವ ಬಂತು. ದಿನಾ ಎರಡು ಹೊತ್ತು ಕೆಳಗಿನ ಪಾತಿಯ ಸೊಪ್ಪೇ. ನಿಮ್ಮಣ್ಣನಿಗೆ ಮೇಲಿನ ಪಾತಿಯದು. "ನನಗ್ಯಾಕೆ ಸೋತವರ ಸೊಪ್ಪು?" ಎಂದು ರಾಗ ತೆಗೆಯುತ್ತಾರೆ. ನೀವೇನು ಬಸುರಿಯೇ ಎಂದು ಬಾಯಿ ಮುಚ್ಚಿಸಿದ್ದೇನೆ.

ನರ್ಸಮ್ಮ ಮೊನ್ನೆ ಬಂದು ಮಾತ್ರೆಗಳು ಹಾಗೇ ಇರುವುದು ನೋಡಿ ಕೆಂಡವಾದಳು. ನಮ್ಮ ನಾದಿನಿ ಮಣ್ಣು ಪರೀಕ್ಷೆಯವಳು, ಅವಳೇ ಹೇಳಿದ್ದಾಳೆ ಎಂದೆ. "ಹಾಗಾದ್ರೆ ನನಗೇನು ಕೆಲಸ?" ಎಂದು ಚೀಲ ಹೆಗಲಿಗೇರಿಸಿ ನಡೆದಳು. ಪಾಪ, ಬಿಸಿಲಲ್ಲಿ ಬಂದಿದ್ದಳು, ನೀರಾದರೂ ಕೊಡಬೇಕಿತ್ತು.

ಮಗು ಒದೆಯುವುದು ಕಮ್ಮಿ. ಬೆಳಿಗ್ಗೆ ಒಂದು ಸಲ ಮಗ್ಗುಲು ಬದಲಿಸಿದರೆ ಮತ್ತೆ ಸಂಜೆಗೇ. ಅಪ್ಪನ ಹಾಗೆ ಸೋಮಾರಿ ಇರಬೇಕು, ಅಲ್ವಾ?

ನಿನ್ನ ಅತ್ತಿಗೆ


ಜುಲೈ ೩೦

ಅತ್ತಿಗೆ,

ಬರೆಯಲು ತಡವಾಯಿತು, ಕ್ಷಮಿಸಿ. ಇಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಸಾಹೇಬರು ದೊಡ್ಡ ಸಭೆಯಲ್ಲಿ ನಮ್ಮ ಪಾತಿಗಳ ವಿಷಯ ಹೇಳಿದರಂತೆ, ಚಪ್ಪಾಳೆಯೋ ಚಪ್ಪಾಳೆಯಂತೆ. "ಮಣ್ಣಿಗೆ ಗೊಬ್ಬರ, ಮನೆಗೆ ಆರೋಗ್ಯ" ಎಂದು ಪುಟ್ಟ ಪುಸ್ತಕ ಅಚ್ಚಾಗಿ ಕಾಲುವೆಯುದ್ದಕ್ಕೂ ಹಂಚುತ್ತಿದ್ದಾರೆ. ರಕ್ಷಾಪುಟದಲ್ಲಿ ಕೆಳಗಿನ ಪಾತಿಯ ಚಿತ್ರ. ಅಂಚಿನಲ್ಲಿ ಸೊಪ್ಪು ಹಿಡಿದ ಒಂದು ಕೈ ಕಾಣುತ್ತದೆ, ಅದು ನಿಮ್ಮದೇ! ಹತ್ತು ಪ್ರತಿ ಕಳಿಸಿದ್ದೇನೆ.

ಗಾಜಿನ ಕೊಳವೆ ಇನ್ನೂ ಬಂದಿಲ್ಲ. ನಾನೂ ಕೇಳುವುದು ಬಿಟ್ಟಿದ್ದೇನೆ. ಮಣ್ಣಲ್ಲಿ ಇದ್ದಮೇಲೆ ಎಲೆಯಲ್ಲಿ ಇರದೆ ಎಲ್ಲಿ ಹೋದೀತು ಎನ್ನುತ್ತಾರೆ ಸಾಹೇಬರು.

ಮಗು ಕಮ್ಮಿ ಒದ್ದರೆ ಚಿಂತೆ ಬೇಡ. ಬುದ್ಧಿವಂತರು ಸುಮ್ಮನೆ ಕಾಲು ಆಡಿಸುವುದಿಲ್ಲ.

ನಿಮ್ಮ ನಾದಿನಿ


ಸೆಪ್ಟೆಂಬರ್ ೨೧

ಸೋದರತ್ತೆಗೆ,

ಹೆಣ್ಣು! ಹುಟ್ಟಿ ಮೂರು ವಾರ. ಉಳಿದಳು ಕಣೇ, ನನ್ನ ಮಗಳು ಉಳಿದಳು. ಬರೆಯುತ್ತ ಬರೆಯುತ್ತ ಅಳು ಬರುತ್ತಿದೆ, ಅಕ್ಷರ ಕಲೆಸಿದರೆ ಬೈಯಬೇಡ.

ಇಂಥ ಸಾಧು ಮಗುವನ್ನು ನಾನು ಕಂಡೇ ಇಲ್ಲ. ಅಳುವುದೇ ಇಲ್ಲ. ಹಸಿದರೂ ಅಳುವುದಿಲ್ಲ, ನಾನೇ ಕೆನ್ನೆ ತಟ್ಟಿ ಎಬ್ಬಿಸಿ ಹಾಲು ಕೊಡಬೇಕು. ಎರಡು ಗುಟುಕು ಕುಡಿದು ಮತ್ತೆ ನಿದ್ದೆ. ಯಾವಾಗಲಾದರೂ ಅತ್ತರೆ ಗಂಟಲು ಕಟ್ಟಿದ ಮುದುಕಿಯ ಹಾಗೆ ಗೊರಗೊರ ಸದ್ದು, ನಮಗೆಲ್ಲ ನಗು. ನಾಲಿಗೆ ತುದಿ ಸದಾ ಹೊರಗೇ. ಯಾರನ್ನು ಅಣಕಿಸುತ್ತಾಳೋ ನೋಡು. ಮೈ ಇನ್ನೂ ಸ್ವಲ್ಪ ಹಳದಿ ಇದೆ, ಬಿಸಿಲು ಕಾಯಿಸುತ್ತೇನೆ.

ಪಕ್ಕದ ಮನೆಯ ಟೈಲರ್ ಸೊಸೆಗೆ ಹೊಟ್ಟೆಕಿಚ್ಚು. ಅವಳ ಮೊದಲನೆಯದು ಬೀದಿ ಹಾರಿಹೋಗುವ ಹಾಗೆ ಕಿರುಚುತ್ತಿತ್ತು. ಈಗ ಮತ್ತೆ ಅವಳಿಗೆ ಎರಡು ತಿಂಗಳು. "ಏನ್ ತಿಂದ್ರಿ ಅಕ್ಕಾ, ಇಷ್ಟು ಸಮಾಧಾನದ ಮಗು ಹುಟ್ಟೋಕೆ?" ಎಂದಳು. ನಿನ್ನ ಪುಸ್ತಕ ತೆಗೆದು ತೋರಿಸಿದೆ. ನನ್ನ ಕೈ ನೋಡಿ ಬೆರಗಾದಳು.

ಇದೆಲ್ಲ ನಿನ್ನಿಂದ. ಯಾವಾಗ ಬರುತ್ತೀಯೆ?

ನಿನ್ನ ಅತ್ತಿಗೆ


ಅಕ್ಟೋಬರ್ ೧೪

ಅತ್ತಿಗೆ,

ಇದನ್ನು ಓದಿದ ಕೂಡಲೇ ಮಗುವನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಹೊರಡಿ. ಉಳಿದದ್ದು ದಾರಿಯಲ್ಲಿ ಓದಿ. ಕುತ್ತಿಗೆಯ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ರಕ್ತ ಪರೀಕ್ಷೆ ಮಾಡಿ ಎಂದು ಡಾಕ್ಟರಿಗೆ ಹೇಳಿ. ಇವತ್ತೇ.

ಗಾಜಿನ ಕೊಳವೆ ಬಂತು. ಎಂಟು ಚೀಲ ಅಳೆದೆ. ಮೇಲಿನ ಪಾತಿಯ ಎಲೆಯಲ್ಲಿ ಒಂದಿಷ್ಟಾದರೂ ಅಯೋಡಿನ್ ಇದೆ. ಕೆಳಗಿನದರಲ್ಲಿ ಇಲ್ಲ. ಇಲ್ಲವೆಂದರೆ ಇಲ್ಲವೇ ಇಲ್ಲ ಅತ್ತಿಗೆ. ಗೊಬ್ಬರ ಅಯೋಡಿನ್ನನ್ನು ಹಿಡಿದಿಟ್ಟಿತು, ನಿಜ. ಆದರೆ ಹಿಡಿದದ್ದನ್ನು ಬಿಡಲಿಲ್ಲ. ಬೇರಿಗೂ ಕೊಡಲಿಲ್ಲ. ಮಣ್ಣಿನ ಅಂಕಿ ನೋಡಿ ನಾನು ಕುಣಿದೆ. ನೀವು ಮಣ್ಣು ತಿನ್ನುತ್ತಿರಲಿಲ್ಲ, ಎಲೆ ತಿನ್ನುತ್ತಿದ್ದಿರಿ. ಇಷ್ಟು ಸಣ್ಣ ಮಾತು ನನಗೆ ಹೊಳೆಯಲಿಲ್ಲ. ಏಳು ತಿಂಗಳು ಆ ಉತ್ತರ ನನ್ನ ತಲೆಯ ಮೇಲಿನ ಹಲಗೆಯಲ್ಲೇ ಇತ್ತು.

ಮಗು ಅಳುವುದಿಲ್ಲ ಎಂದು ಬರೆದಿದ್ದಿರಿ. ಮೊದಲ ಸಲ ಓದಿ ನಕ್ಕಿದ್ದೆ. ಎಲೆಯ ಫಲಿತಾಂಶ ಬಂದಮೇಲೆ ಮತ್ತೆ ತೆಗೆದು ಓದಿದೆ. ನಾಲಿಗೆ, ನಿದ್ದೆ, ಹಳದಿ, ಗೊರಗೊರ. ತಾಯಿಗೆ ಅಯೋಡಿನ್ ಸಾಲದೆ ಹೋದಾಗ ಹುಟ್ಟುವ ಮಕ್ಕಳ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಹೀಗೇ ಬರೆದಿರುತ್ತದೆ. ನನ್ನ ಊಹೆ ಸುಳ್ಳಾಗಲಿ. ನೀವು ಬಂದು ನನ್ನ ಕೆನ್ನೆಗೆ ಹೊಡೆದು ಹುಚ್ಚೀ ಎನ್ನುವ ಹಾಗಾಗಲಿ.

ಆ ಸೊಪ್ಪನ್ನು ಯಾರಿಗೂ ಕೊಡಬೇಡಿ. ನಿಮ್ಮ ಮಾತ್ರೆ ಮತ್ತೆ ಶುರು ಮಾಡಿ, ನಿಮ್ಮ ಹಾಲಲ್ಲಾದರೂ ಹೋಗಲಿ.

ನಾದಿನಿ


ಅಕ್ಟೋಬರ್ ೩೦

ಮಣ್ಣಮ್ಮಾ,

ಎಲ್ಲಿದ್ದೀಯೆ? ಮಗು ಹುಟ್ಟಿದ್ದಕ್ಕೆ ನಿನ್ನಿಂದ ಒಂದು ಸಾಲಿಲ್ಲ. ಸಿಟ್ಟಾಗಿದ್ದೇನೆ ಎಂದುಕೊ. ಸುಮ್ಮನೆ ಅಂದೆ, ಕಾಲುವೆ ಒಡೆದು ರಸ್ತೆ ಕೊಚ್ಚಿಹೋಗಿ ಮೂರು ವಾರದಿಂದ ಲಾರಿಯೇ ಬಂದಿಲ್ಲ. ಒಡೆದದ್ದನ್ನು ಅಳೆಯಲು ದೋಣಿಯಲ್ಲಿ ಬಂದಿದ್ದ ಇಂಜಿನಿಯರು ವಾಪಸು ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ಅದೇ ಇಂಜಿನಿಯರು ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನಿಮ್ಮಣ್ಣನ ಕೈಯಿಂದ ಹಿತ್ತಾಳೆ ಕೊಡ ಜಾರಿ ಬಿತ್ತು. ನಾವೆಲ್ಲ ಬೆಚ್ಚಿದೆವು, ನಮ್ಮ ರಾಣಿ ರೆಪ್ಪೆಯನ್ನೂ ಅಲುಗಿಸಲಿಲ್ಲ. "ಎಂಥಾ ಗಟ್ಟಿ ನಿದ್ದೆ ರೀ!" ಎಂದರು ಇಂಜಿನಿಯರು. ಎಚ್ಚರವಾಗಿಯೇ ಇದ್ದಳು ಕಣೇ, ಕಣ್ಣು ಬಿಟ್ಟುಕೊಂಡಿದ್ದಳು. ನಾನು ಹೇಳಲಿಲ್ಲ. ಯಾಕೋ ಹೇಳಲು ಬಾಯಿ ಬರಲಿಲ್ಲ.

ಹೆಂಗಸರು ಬೆಳಗಾದರೆ ಬಾಗಿಲಿಗೆ ಬರುತ್ತಾರೆ. ಟೈಲರ್ ಸೊಸೆ, ಅವಳ ತಂಗಿ, ತೂಬಿನ ಮನೆಯವಳು, ಮೂವರೂ ಬಸುರಿಯರು. ಒಬ್ಬೊಬ್ಬರಿಗೂ ಒಂದೊಂದು ಹಿಡಿ ಕೊಡುತ್ತೇನೆ. ಮೂವರೂ ಮಾತ್ರೆ ಬಿಟ್ಟಿದ್ದಾರೆ. ನಿನ್ನ ಹೆಸರು ಹೇಳಿ ಹರಸುತ್ತಾರೆ.

ಬೇಗ ಕಾಗದ ಬರೆ.

ನಿನ್ನ ಅತ್ತಿಗೆ


ನವೆಂಬರ್ ೧೨

ಅತ್ತಿಗೆ,

ಅಕ್ಟೋಬರ್ ಹದಿನಾಲ್ಕರ ನನ್ನ ಕಾಗದ ನೀರಾವರಿ ಕಚೇರಿಯ ಗೋಣಿಚೀಲದಲ್ಲೇ ಬಿದ್ದಿತ್ತು. ನಾನೇ ಹೋಗಿ ಚೀಲ ಸುರಿದು ಹುಡುಕಿ ತೆಗೆದೆ. ಎರಡನ್ನೂ ಇದೇ ಲಕೋಟೆಯಲ್ಲಿಟ್ಟಿದ್ದೇನೆ. ಮೊದಲು ಅದನ್ನು ಓದಿ.

ಮೊನ್ನೆ ಒಡ್ಡಿನವರೆಗೂ ಬಂದಿದ್ದೆ. ಆಚೆ ದಡದಲ್ಲಿ ನಿಮ್ಮೂರ ತೂಬು ಕಾಣುತ್ತಿತ್ತು. ದೋಣಿ ಇಲಾಖೆಯವರಿಗೆ ಮಾತ್ರವಂತೆ. ನಾನೂ ಇಲಾಖೆಯವಳೇ ಎಂದು ಚೀಟಿ ತೋರಿಸಿದೆ. "ನೀವು ಮಣ್ಣಿನೋರು ಮೇಡಂ, ಇದು ನೀರಿನೋರ ದೋಣಿ" ಎಂದರು. ಬೇಡಿದೆ, ಬೈದೆ, ಕೊನೆಗೆ ಅತ್ತೆ. ಕತ್ತಲಾಗುವವರೆಗೆ ಅಲ್ಲೇ ಕೂತಿದ್ದು ವಾಪಸು ಬಂದೆ. ನಿಮ್ಮೂರಿಗಂತೂ ಫೋನಿಲ್ಲ, ಆರೋಗ್ಯ ಕಚೇರಿಗೆ ಫೋನ್ ಮಾಡಿದರೆ ನಿಮ್ಮ ನರ್ಸಮ್ಮನನ್ನು ಬೇರೆ ಕಡೆಗೆ ಹಾಕಿದ್ದಾರೆ, ಹೊಸಬರು ಬಂದಮೇಲೆ ಹೇಳುತ್ತೇವೆ ಎಂದರು. ನಿಮ್ಮ ಇಂಜಿನಿಯರು ನಾಳೆ ಮತ್ತೆ ದಾಟುತ್ತಾರೆ. ಅವರ ಕಾಲು ಹಿಡಿದು ಈ ಲಕೋಟೆ ಕೊಡುತ್ತಿದ್ದೇನೆ.

ಇನ್ನೊಂದು ಹೇಳಬೇಕು, ಮುಚ್ಚಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ. ಎಲೆಯ ಫಲಿತಾಂಶ ಬಂದದ್ದು ಅಕ್ಟೋಬರ್ ಮೂರಕ್ಕೆ. ಅವತ್ತೇ ಬರೆಯಲು ಕೂತೆ. ಸಾಹೇಬರು ಬಂದು "ಪುಸ್ತಕ ನಾನೂರು ಹಳ್ಳಿಗೆ ಹೋಗಿದೆ, ಇನ್ನೊಂದ್ಸಲ ಅಳೆದು ನೋಡು, ಆಮೇಲೆ ಬರೆದ್ರಾಯ್ತು" ಎಂದರು. ಅಳೆದೆ. ಮತ್ತೊಮ್ಮೆ ಅಳೆದೆ. ಎಲ್ಲೋ ನನ್ನದೇ ತಪ್ಪು ಸಿಕ್ಕೀತು ಎಂದು ನನಗೂ ಆಸೆ ಇತ್ತು. ಹನ್ನೊಂದು ದಿನ ಹೋಯಿತು. ಕೊನೆಯ ಲಾರಿ ನಿಮ್ಮೂರಿಗೆ ಹೋದದ್ದು ಒಂಬತ್ತನೇ ತಾರೀಖು.

ಕೊಡ ಬಿದ್ದ ವಿಷಯ ಓದಿದೆ. ಅದರ ಬಗ್ಗೆ ಬರೆಯಲು ನನಗೂ ಕೈ ಬರುತ್ತಿಲ್ಲ.

ನಾದಿನಿ


ಡಿಸೆಂಬರ್ ೧೯

ಎರಡು ಕಾಗದವೂ ಒಟ್ಟಿಗೆ ಬಂದವು. ನಿಮ್ಮಣ್ಣ ಓದಿ ಹೇಳಿದರು. ಅರ್ಧಕ್ಕೆ ನಿಲ್ಲಿಸಿದರು, ಮುಂದಿನದನ್ನು ನಾನೇ ಕಿತ್ತುಕೊಂಡು ಓದಿದೆ. ದೋಣಿಯವರು ನಮ್ಮನ್ನೂ ಹತ್ತಿಸಲಿಲ್ಲ. ರಸ್ತೆ ತೆರೆದ ದಿನವೇ ಹೊರಟೆವು. ಅಷ್ಟರಲ್ಲಿ ಅವಳಿಗೆ ಮೂರು ತಿಂಗಳು ತುಂಬಿತ್ತು.

ಡಾಕ್ಟರು ಅವಳ ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು. ಸ್ಟೀಲ್ ತಟ್ಟೆ ಬಡಿದರು. ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು. ಅವಳು ಕಿಟಕಿಯ ಬೆಳಕನ್ನೇ ನೋಡುತ್ತಿದ್ದಳು. ನಿಮ್ಮಣ್ಣ "ನಾನು ಕರೀತೀನಿ ಇರಿ ಸಾರ್, ನನ್ನ ದನಿ ಅವಳಿಗೆ ಗೊತ್ತು" ಎಂದು ಮುಂದೆ ಹೋದರು. ಕರೆದರು. ತೂಬಿನ ಹತ್ತಿರ ಜಗಳಕ್ಕೆ ಕೂಗುವ ಹಾಗೆ ಜೋರಾಗಿ ಕರೆದರು. ಹೊರಗೆ ಕೂತವರೆಲ್ಲ ಎದ್ದು ಬಂದರು.

ದಿನಾ ಒಂದು ಮಾತ್ರೆ ಕೊಡಬೇಕಂತೆ, ಬದುಕಿರುವವರೆಗೂ. ಮೈ ಬೆಳೆಯುತ್ತದಂತೆ, ಹಾಲು ಚೆನ್ನಾಗಿ ಕುಡಿಯುತ್ತಾಳಂತೆ. ನಡೆಯಲೂಬಹುದು. "ಹೊಟ್ಟೇಲಿದ್ದಾಗ ಆಗಿಹೋಗಿದ್ದನ್ನ ಮಾತ್ರೆ ತಿದ್ದೋಲ್ಲಮ್ಮ" ಎಂದರು. ಹುಟ್ಟಿದ ತಕ್ಷಣ ತಂದಿದ್ದರೂ ಕಿವಿ ಬರುತ್ತಿರಲಿಲ್ಲವಂತೆ, ಬುದ್ಧಿಯನ್ನು ಒಂದಿಷ್ಟು ಉಳಿಸಿಕೊಳ್ಳಬಹುದಿತ್ತಂತೆ. ಎಷ್ಟು ಎಂದು ಕೇಳಿದೆ. ಅದನ್ನು ಯಾರೂ ಹೇಳಲಾರರು ಎಂದರು. ನಿನ್ನ ಹನ್ನೊಂದು ದಿನದಲ್ಲಿ ಎಷ್ಟು ಹೋಯಿತು, ದೋಣಿಯವರಿಂದ ಎಷ್ಟು ಹೋಯಿತು, ಸಾಧು ಮಗು ಸಾಧು ಮಗು ಎಂದು ನಾನು ಮುದ್ದಾಡುತ್ತ ಕೂತದ್ದರಿಂದ ಎಷ್ಟು ಹೋಯಿತು, ಯಾರನ್ನು ಕೇಳಲಿ?

ಊರಿಗೆ ಬಂದ ದಿನವೇ ಆ ಮೂರು ಮನೆಗೆ ಹೋದೆ. ಸೊಪ್ಪು ತಿನ್ನಬೇಡಿ, ಮಾತ್ರೆ ತಗೊಳ್ಳಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದೆ. ತೂಬಿನ ಮನೆಯವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೈಲರ್ ಸೊಸೆ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. "ಸರ್ಕಾರದೋರು ಅಚ್ಚು ಹಾಕಿದ್ದು ಸುಳ್ಳಾ ಅಕ್ಕಾ? ನಿಮ್ಮ ಕೈನೇ ಇದೆ ಇದ್ರಲ್ಲಿ. ಕೊಡೋಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಿ" ಎಂದಳು. ಮಗುವನ್ನು ಅವಳ ಮಡಿಲಿಗೆ ಹಾಕಿ, ಕೂಗು, ನೀನೇ ಕೂಗಿ ನೋಡು ಎಂದೆ. "ಮಲಗಿರೋ ಕೂಸನ್ನ ಯಾಕೆ ಎಬ್ಬಿಸ್ತೀರಿ" ಎಂದು ವಾಪಸು ಕೊಟ್ಟಳು. ನಿಮ್ಮಣ್ಣ ಅವತ್ತೇ ಪಾತಿಯನ್ನು ಬೇರುಸಹಿತ ಕಿತ್ತು ಸುಟ್ಟರು. ಅದಕ್ಕೂ ಮೊದಲೇ ಆ ಮೂವರು ಹೆಂಗಸರೂ ಬೀಜ ಹಿಡಿದು ತಮ್ಮ ತಮ್ಮ ಹಿತ್ತಲಲ್ಲಿ ಗೊಬ್ಬರ ಹಾಕಿ ಬಿತ್ತಿಕೊಂಡಿದ್ದಾರೆ. ಮೊಳಕೆ ಬಂದಿದೆ. ಬೇಲಿಯಾಚೆಯಿಂದ ದಿನಾ ನೋಡುತ್ತೇನೆ.

ನಿನಗೆ ಬೈದು ಬರೆಯಬೇಕೆಂದು ಎಂಟು ದಿನದಿಂದ ಪೆನ್ನು ಹಿಡಿದು ಕೂರುತ್ತಿದ್ದೇನೆ. ಬಾಯಿಗೆ ಬಂದದ್ದನ್ನೆಲ್ಲ ಬೈದು ಮುಗಿಸಿ, ಆಮೇಲೆ ಯಾರ ಹತ್ತಿರ ಹೇಳಿಕೊಂಡು ಅಳಲಿ ಎಂದು ನೋಡಿದರೆ ಅಲ್ಲೂ ನೀನೇ ಇದ್ದೀಯೆ. ನನಗೆ ಇನ್ನೊಬ್ಬರು ಯಾರಿದ್ದಾರೆ ಹೇಳು.

ಹೊರಟು ಬಾ. ನಿನ್ನ ಮುಖ ನೋಡಿ ಬಾಗಿಲು ತೆಗೆಯುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ತೆಗೆಯದಿದ್ದರೆ ನೇರ ಟೈಲರ್ ಮನೆಗೆ ಹೋಗು. ಅವಳಿಗೆ ಈಗ ಐದನೇ ತಿಂಗಳು.

ಅತ್ತಿಗೆ